ಹಿಮದ ಹಾದಿಯಲ್ಲಿ ಇಬ್ಬರು ಸವಾರರು

ಚಿತ್ರದ ಬಹುಭಾಗವನ್ನು ತುಂಬಿಕೊಂಡಿರುವುದು ಹಿಮ ಹೊದ್ದ ಬೆಟ್ಟ. ಅದರ ಹಿಂದೆ, ಮಸಿ ಕದಡಿದ ನೀರಿನಂತೆ ಮಂಕಾದ ಆಕಾಶ. ಎಲೆಯುದುರಿದ ಕೆಲವು ಮರಗಳು. ಬೆಟ್ಟಗಳು ಒತ್ತೊತ್ತಾಗಿ ಕೂಡುವ ದೂರದ ಕಣಿವೆಯಲ್ಲಿ ಗಡಿಯ ಕಾವಲುದ್ವಾರವೊಂದರ ಸುಳಿವು. ಇಷ್ಟನ್ನು ನೋಡಿ ಮುಗಿಸುವ ಹೊತ್ತಿಗೆ, ಅಷ್ಟು ದೊಡ್ಡ ಬೆಟ್ಟದ ಬುಡದಲ್ಲಿ ಎರಡು ಪುಟ್ಟ ಆಕೃತಿಗಳಿರುವುದು ನಮ್ಮ ಗಮನಕ್ಕೆ ಬರುತ್ತದೆ. ಮೈತುಂಬ ಹೊದ್ದು, ತಲೆ ಮುಚ್ಚಿಕೊಂಡು, ಚಳಿಗೆ ಕುಗ್ಗಿ ಸಾಗುತ್ತಿರುವ ಇಬ್ಬರು ಸವಾರರು ಅವರು.

ಈ ಚಿತ್ರವನ್ನು ಬರೆದವನು ಚೀನಾದ ದಕ್ಷಿಣ ಸುಂಗ್ ವಂಶದ ಆಳ್ವಿಕೆಯಲ್ಲಿದ್ದ ಲಿಯಾಂಗ್ ಕೈ. ಕಾಲ, 13ನೆಯ ಶತಮಾನದ ಆದಿಭಾಗ. ರೇಷ್ಮೆಯ ಮೇಲೆ ಮಸಿಯಿಂದಲೂ ತೀರ ತಿಳಿಯಾದ ಬಣ್ಣದಿಂದಲೂ ಬರೆದ ತೂಗುಪಟ. ಎತ್ತರ ಸುಮಾರು 111 ಸೆಂಟಿಮೀಟರ್, ಅಗಲ ಸುಮಾರು 50. ನಮ್ಮ ಹಳೆಯ ಮನೆಗಳ ಕಿಟಕಿಯ ಒಂದು ಕದದಷ್ಟು ಎಂದುಕೊಳ್ಳಬಹುದು. ಈಗ ಅದು ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಜಪಾನ್ ಸರ್ಕಾರ ಅದನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿದೆ. ನಾನು ಕಂಡಿರುವುದು ಅಚ್ಚಿನ ಪ್ರತಿಯನ್ನು ಮಾತ್ರ. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡಿದ್ದ ದಿನಗಳಲ್ಲಿ ನಮ್ಮ ಮನೆಯವರು, ‘ಇದರಲ್ಲಿ ನೋಡುವುದಕ್ಕೆ ಏನಿದೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಬಣ್ಣದ ಬೆಡಗಿಲ್ಲ, ಕಥೆಯಿಲ್ಲ, ಮುಖ ಕಾಣುವ ಒಬ್ಬ ಮನುಷ್ಯನೂ ಇಲ್ಲ. ಎರಡು ದಿನ ಕಳೆದ ಮೇಲೆ ಅವರೇ ಮತ್ತೆ ಕೇಳಿದರು: ‘ಪಾಪ, ಈ ಹೊತ್ತಿನಲ್ಲಿ ಇಬ್ಬರೂ ಎಲ್ಲಿಗೆ ಹೊರಟಿದ್ದಾರೆ?’

ಈ ಎರಡನೆಯ ಪ್ರಶ್ನೆಯನ್ನು ಹುಟ್ಟಿಸುವುದೇ ಚಿತ್ರಕಾರನ ಉದ್ದೇಶವಾಗಿತ್ತೆಂದು ನನಗೆ ತೋರುತ್ತದೆ.

ಹಿಮವನ್ನು ಚೀನೀ ಚಿತ್ರಕಾರರು ಹೇಗೆ ಬರೆಯುತ್ತಿದ್ದರೆಂಬುದನ್ನು ಮೊದಲು ತಿಳಿಯತಕ್ಕದ್ದು. ಹಿಮವೆಂದರೆ ಬಿಳುಪು, ಆದ್ದರಿಂದ ಬಿಳಿಯ ಬಣ್ಣವನ್ನು ತೊಡೆದರಾಯಿತೆಂದು ನಾವು ಭಾವಿಸುತ್ತೇವೆ. ಹಾಗೆ ಮಾಡಿದವರೂ ಉಂಟು. ಆದರೆ ಅಲ್ಲಿ ಹೆಚ್ಚು ಮನ್ನಣೆ ಪಡೆದ ಪದ್ಧತಿ ಇದಕ್ಕೆ ತಿರುವುಮುರುವಾದದ್ದು. ದೇವದಾರು ಜಾತಿಯ ಮರದ ಮಸಿಗೆ ಅಂಟು ಬೆರೆಸಿ ಗಟ್ಟಿಮಾಡಿದ ಕಡ್ಡಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತಾರೆ, ನಮ್ಮಲ್ಲಿ ಗಂಧ ತೇಯುವ ಹಾಗೆ. ಆ ಮಸಿಯನ್ನು ತೆಳುವಾಗಿಸಿ ಆಕಾಶಕ್ಕೆ ಬಳಿಯುತ್ತಾರೆ, ನೀರಿಗೆ ಬಳಿಯುತ್ತಾರೆ, ಬಂಡೆಯ ಸಂದುಗಳಿಗೆ ಬಳಿಯುತ್ತಾರೆ. ಬೆಟ್ಟದ ಮೈಯನ್ನು ಮಾತ್ರ ಮುಟ್ಟುವುದಿಲ್ಲ. ಸುತ್ತಲೂ ಕತ್ತಲು ಕವಿದಾಗ, ಕುಂಚ ತಾಗದೆ ಉಳಿದ ರೇಷ್ಮೆ ತಾನಾಗಿ ಹಿಮವಾಗುತ್ತದೆ. ಬರೆಯದೆ ಬಿಟ್ಟಿದ್ದೇ ಚಿತ್ರದ ಮುಖ್ಯ ವಸ್ತು!

ಇಲ್ಲಿ ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಹಳೆಯ ರೇಷ್ಮೆ ಕಾಲಕ್ರಮದಲ್ಲಿ ಕಂದಾಗುತ್ತದೆ. ಎಂಟುನೂರು ವರ್ಷ ತುಂಬಿರುವ ಈ ಪಟದ ಹಿಮ ಇಂದು ಬಿಳಿಯದಲ್ಲ, ತಿಳಿಯಾದ ಚಹಾದ ಬಣ್ಣದ್ದು. ಆದರೂ ನೋಡುವವನಿಗೆ ಚಳಿಯೇ ಆಗುತ್ತದೆ. ಬಿಳುಪು ಎಂಬುದು ಬಣ್ಣದಲ್ಲಿಲ್ಲ, ಪಕ್ಕದ ಕತ್ತಲೆಯೊಡನೆ ಅದಕ್ಕಿರುವ ಸಂಬಂಧದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಿಮವನ್ನೇ ಕಾಣದ ನಾಡಿನವರು ನಾವು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಮಡಿಕೇರಿಯಲ್ಲಿ ಬೆಳಗಿನ ಹೊತ್ತು ಕವಿಯುವುದೂ ಮಂಜು, ಹುಲ್ಲಿನ ತುದಿಯಲ್ಲಿ ನಿಲ್ಲುವ ಹನಿಯೂ ಮಂಜು, ಕಾಶ್ಮೀರದಲ್ಲಿ ಬೀಳುವುದೂ ಮಂಜು. ಹಿಮ ಎಂಬ ಮಾತನ್ನು ಸಂಸ್ಕೃತದಿಂದ ತಂದುಕೊಂಡೆವು. ಹೀಗಿದ್ದೂ ಈ ಚಿತ್ರ ನಮ್ಮನ್ನು ತಟ್ಟುವುದಾದರೆ, ಅದು ಹಿಮದ ಅನುಭವದಿಂದಲ್ಲ. ಶಬ್ದ ಅಡಗಿಹೋದ ಹೊತ್ತಿನ ಅನುಭವದಿಂದ. ಅದು ಎಲ್ಲರಿಗೂ ಇರುವಂಥದು. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಒಬ್ಬರೇ ಎಚ್ಚರವಿದ್ದಾಗ ಗೋಡೆಗಳು ದೂರ ಸರಿದಂತೆ ತೋರುತ್ತವಲ್ಲ, ಅದೇ ಇಲ್ಲಿ ಬೆಟ್ಟವಾಗಿ ನಿಂತಿದೆ.

ಆದರೆ ಅಂಥ ನೀರವತೆಯನ್ನು ಬರೆಯುವುದಕ್ಕೆ ಮನುಷ್ಯರೇಕೆ ಬೇಕು? ಬರಿಯ ಬೆಟ್ಟವಿದ್ದಿದ್ದರೆ ಚಿತ್ರ ಇನ್ನೂ ನಿರ್ಜನವಾಗುತ್ತಿರಲಿಲ್ಲವೆ? ಆ ಇಬ್ಬರನ್ನು ಬೆರಳಿನಿಂದ ಮರೆಮಾಡಿ ನೋಡಿದ್ದೇನೆ. ಆಗ ಉಳಿಯುವುದು ಒಂದು ಸುಂದರವಾದ ಬೆಟ್ಟ, ಅಷ್ಟೆ. ಬೆರಳನ್ನು ತೆಗೆದ ಕೂಡಲೆ ಬೆಟ್ಟ ಬೆಳೆಯುತ್ತದೆ, ದಾರಿ ಉದ್ದವಾಗುತ್ತದೆ, ಸಂಜೆಯಾಗುತ್ತಿದೆ ಎನಿಸುತ್ತದೆ. ಬೆಟ್ಟಕ್ಕೆ ತಾನು ಒಂಟಿಯೆಂಬುದು ಗೊತ್ತಿಲ್ಲ. ಅದನ್ನು ತಿಳಿಯುವುದಕ್ಕೆ ಅಲ್ಲೊಂದು ಜೀವ ಬೇಕು.

ಅಲ್ಲಿರುವುದು ಒಂದಲ್ಲ, ಎರಡು ಜೀವ. ಈ ಚಿತ್ರದ ರಹಸ್ಯವೆಲ್ಲ ಇದರಲ್ಲಿದೆ ಎಂದು ನನ್ನ ಎಣಿಕೆ. ಕನ್ನಡದಲ್ಲಿ ಏಕಾಂತ, ಒಂಟಿತನ ಎಂದು ಎರಡು ಮಾತುಗಳುಂಟು. ಒಂದು ನಾವು ಬಯಸಿ ಪಡೆಯುವಂಥದು. ಇನ್ನೊಂದು ಬೇಡವೆಂದರೂ ಬಂದು ಮೇಲೆ ಬೀಳುವಂಥದು. ಇಷ್ಟು ಎಲ್ಲರೂ ಬಲ್ಲರು. ಆದರೆ ‘ನಿಮ್ಮೊಡನೆ ಏಕಾಂತವಾಗಿ ಮಾತನಾಡಬೇಕು’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದನ್ನು ಗಮನಿಸಿದ್ದೀರಾ? ಏಕಾಂತದಲ್ಲಿ ಇಬ್ಬರಿಗೆ ಎಡೆಯುಂಟು. ಒಂಟಿತನಕ್ಕೆ ಆ ಔದಾರ್ಯವಿಲ್ಲ. ಸಂತೆಯ ನಡುವೆ ನಿಂತವನನ್ನೂ ಅದು ಬಿಡುವುದಿಲ್ಲ. ಲಿಯಾಂಗ್ ಕೈಯ ಸವಾರರು ಜೊತೆಯಾಗಿದ್ದಾರೆ. ಮಾತನಾಡುತ್ತಿದ್ದಾರೆಯೇ? ತಲೆ ಮುಚ್ಚಿಕೊಂಡ ಆ ಭಂಗಿಯಿಂದ ಹಾಗೆ ತೋರುವುದಿಲ್ಲ. ಅವರದು ಏಕಾಂತವೋ, ಇಬ್ಬರು ಪಕ್ಕಪಕ್ಕದಲ್ಲಿ ಹೊತ್ತು ನಡೆದಿರುವ ಎರಡು ಒಂಟಿತನಗಳೋ, ಹೇಳುವುದು ಕಷ್ಟ.

ನಮ್ಮ ಅಲಂಕಾರಶಾಸ್ತ್ರದ ಕಣ್ಣಿನಿಂದ ನೋಡಿದರೂ ತೊಡಕು ಬಿಡುವುದಿಲ್ಲ. ಇದು ಕರುಣವೆಂದರೆ ಇಲ್ಲಿ ಯಾರ ನಾಶವೂ ಇಲ್ಲ, ವಿಲಾಪವೂ ಇಲ್ಲ. ಭರತನ ಎಂಟು ರಸಗಳೊಡನೆ ಒಂಬತ್ತನೆಯದಾಗಿ ಬಂದು ಸೇರಿದ ಶಾಂತವೆಂದರೆ, ಶಾಂತಕ್ಕೆ ಇಷ್ಟು ಚಳಿ ಸಲ್ಲದು. ತರಗತಿಯಲ್ಲಿ ಒಂದೊಂದು ಪದ್ಯಕ್ಕೆ ಒಂದೊಂದು ರಸದ ಚೀಟಿ ಅಂಟಿಸುವ ನಮ್ಮ ಕಸುಬು ಇಲ್ಲಿ ನಡೆಯದು. ಶಾಂತದ ಹೊಸ್ತಿಲಿನವರೆಗೆ ಕರೆದೊಯ್ದು, ಒಳಗೆ ಬಿಡದೆ ನಿಲ್ಲಿಸಿದ ಹಾಗೆ ಈ ಚಿತ್ರವಿದೆ.

ಇದನ್ನು ಬರೆದವನ ವೃತ್ತಾಂತವೂ ಸ್ವಾರಸ್ಯವಾದದ್ದು. ಜಿಯಾತಾಯ್ ಎಂಬ ಶಕೆಯಲ್ಲಿ, ಎಂದರೆ 1201ರಿಂದ 1204ರವರೆಗಿನ ಅವಧಿಯಲ್ಲಿ, ಲಿಯಾಂಗ್ ಕೈ ರಾಜಧಾನಿಯಾದ ಲಿನ್‌ಆನ್‌ನ, ಇಂದಿನ ಹಾಂಗ್‌ಜೌ ನಗರದ, ಆಸ್ಥಾನ ಚಿತ್ರಶಾಲೆಯಲ್ಲಿ ಉನ್ನತ ಪದವಿಯಲ್ಲಿದ್ದ. ಚಕ್ರವರ್ತಿಯಿಂದ ಅವನಿಗೆ ಚಿನ್ನದ ನಡುಪಟ್ಟಿ ದೊರೆಯಿತು. ಚಿತ್ರಕಾರನಿಗೆ ಅದಕ್ಕಿಂತ ದೊಡ್ಡ ಗೌರವ ಇರಲಿಲ್ಲ. ಅವನೋ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ. ಚಿತ್ರಶಾಲೆಯಲ್ಲಿಯೇ ತೂಗುಹಾಕಿ ಹೊರಟುಬಿಟ್ಟನೆಂದು 1365ರ ಒಂದು ಚಿತ್ರಕಾರರ ಚರಿತ್ರೆ ಹೇಳುತ್ತದೆ. ಮದ್ಯಪ್ರಿಯ, ಯಾವ ಕಟ್ಟಿಗೂ ಒಗ್ಗದವನು. ಜನ ಅವನನ್ನು ‘ಹುಚ್ಚ ಲಿಯಾಂಗ್’ ಎಂದು ಕರೆದರು. ಕವಿ ಲೀ ಬೋ ತಲೆಯೆತ್ತಿ ನಡೆಯುತ್ತಿರುವ ಅವನ ಇನ್ನೊಂದು ಚಿತ್ರ ಲೋಕಪ್ರಸಿದ್ಧ. ನಿಲುವಂಗಿಗೆ ನಾಲ್ಕಾರು ಗೆರೆ, ಮುಖಕ್ಕೆ ಇನ್ನು ಕೆಲವು, ಅಲ್ಲಿಗೆ ಮುಗಿಯಿತು. ಹಿಮದ ಚಿತ್ರದಲ್ಲಿ ಅಷ್ಟು ಆತುರವಿಲ್ಲ. ಆಸ್ಥಾನದ ನಯಗಾರಿಕೆ ಇನ್ನೂ ಕೈಯಲ್ಲಿರುವಾಗಲೇ, ಏನನ್ನು ಬಿಡಬಹುದೆಂದು ಅವನು ಯೋಚಿಸತೊಡಗಿದ್ದನೆಂದು ಕಾಣುತ್ತದೆ.

ಕಣಿವೆಯ ಆ ಕಾವಲುದ್ವಾರದ ಹಿಂದೆ ಒಂದು ದುಃಖದ ಇತಿಹಾಸವೂ ಇದೆ. 1127ರಲ್ಲಿ ಉತ್ತರದ ಜುರ್ಚೆನ್ನರು ಸುಂಗರ ರಾಜಧಾನಿ ಕೈಫೆಂಗನ್ನು ಹಿಡಿದರು, ಚಕ್ರವರ್ತಿಗಳನ್ನೇ ಸೆರೆಯೊಯ್ದರು. ಉಳಿದ ರಾಜವಂಶ ದಕ್ಷಿಣಕ್ಕೆ ಓಡಿಬಂದು ಹೊಸ ರಾಜಧಾನಿ ಕಟ್ಟಿಕೊಂಡಿತು. ದೊಡ್ಡ ಹಿಮಬೆಟ್ಟಗಳ ಉತ್ತರದೇಶ ಅನಂತರ ಅವರಿಗೆ ಪರದೇಶವಾಯಿತು. ಲಿಯಾಂಗ್ ಕೈಯ ಮನೆತನದ ಮೂಲಸ್ಥಾನವಾದ ಶಾನ್‌ಡೊಂಗ್ ಪ್ರಾಂತದ ದೊಂಗ್‌ಪಿಂಗ್ ಕೂಡ ಹಾಗೆ ಕೈಬಿಟ್ಟುಹೋದ ನಾಡಿನಲ್ಲಿಯೇ ಇತ್ತು. ಗಡಿಯತ್ತ ನಡೆದಿರುವ ಈ ಇಬ್ಬರನ್ನು ಕಂಡು ಲಿನ್‌ಆನ್‌ನ ಯಾರಾದರೊಬ್ಬ ಮುದುಕ ನಿಟ್ಟುಸಿರು ಬಿಟ್ಟಿದ್ದರೆ ಆಶ್ಚರ್ಯವಿಲ್ಲ. ಹಾಗೆಂದು ಇದನ್ನು ದೇಶಭಕ್ತಿಯ ಪತಾಕೆಯಂತೆ ಓದುವುದು ನನಗೆ ಒಪ್ಪಿಗೆಯಿಲ್ಲ. ಕಳೆದುಕೊಂಡ ಊರನ್ನು ಕುರಿತು ಕೂಗಿ ಹೇಳುವವರ ಚಿತ್ರ ಹೀಗಿರುವುದಿಲ್ಲ.

ಹಿಮದ ಚಿತ್ರವೆಂದರೆ ಎಲ್ಲವೂ ಏಕಾಂತದ ಚಿತ್ರವೆಂದು ತಿಳಿಯುವುದೂ ತಪ್ಪಾದೀತು. ಲಿಯಾಂಗ್ ಕೈಗಿಂತ ಸುಮಾರು ಇನ್ನೂರೈವತ್ತು ವರ್ಷ ಹಿಂದೆ, 10ನೆಯ ಶತಮಾನದಲ್ಲಿ, ಝಾವೊ ಗಾನ್ ಎಂಬ ಚಿತ್ರಶಾಲೆಯ ವಿದ್ಯಾರ್ಥಿ ನದಿಯ ಮೇಲೆ ಬೀಳುವ ವರ್ಷದ ಮೊದಲ ಹಿಮವನ್ನು ಬರೆದ. ಕೈಯಲ್ಲಿ ಹಿಡಿದು ಬಿಚ್ಚುತ್ತ ನೋಡುವ ಸುರುಳಿ ಅದು. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಉದ್ದ ಮೂರುಮುಕ್ಕಾಲು ಮೀಟರು. ತೈಪೆಯ ರಾಜಭವನ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಹಿಮವನ್ನು ಬರೆಯದೆ ಬಿಟ್ಟಿಲ್ಲ. ರೇಷ್ಮೆಯ ಮೇಲೆ ಬಿಳಿಯ ಬಣ್ಣದ ಸಣ್ಣ ಚುಕ್ಕಿಗಳನ್ನು ಸಿಡಿಸಿದ್ದಾನೆ. ನದಿಯುದ್ದಕ್ಕೂ ಮೀನುಗಾರರು. ಬಲೆ ಎತ್ತುವವರು, ದೋಣಿ ನಡೆಸುವವರು, ಜೊಂಡಿನ ಪುಟ್ಟ ಗೂಡಿನೊಳಗೆ ಮುದುರಿ ಕುಳಿತವರು. ದಂಡೆಯ ಮೇಲೆ ಕತ್ತೆ ಏರಿದ ಪಯಣಿಗರು, ಅವರ ಜೊತೆ ಬರಿಯ ಕಾಲಿನಲ್ಲಿ ಹೆಜ್ಜೆ ಹಾಕುವ ಆಳುಗಳು. ಯಾರಿಗೂ ಹಿಮದ ಸೊಬಗನ್ನು ಸವಿಯುವ ಪುರುಸೊತ್ತಿಲ್ಲ. ಚಿತ್ರದ ಹೆಸರನ್ನೂ ಚಿತ್ರಕಾರನ ಹೆಸರನ್ನೂ ಸುರುಳಿಯ ಆರಂಭದಲ್ಲಿ ಬರೆದ ಅಕ್ಷರಗಳು ದಕ್ಷಿಣ ತಾಂಗ್ ರಾಜ್ಯದ ಕೊನೆಯ ಅರಸ ಲೀ ಯೂವಿನ ಕೈಯವೆಂದು ಪ್ರತೀತಿ. ಅವನೂ ದೊಡ್ಡ ಕವಿ. ರಾಜ್ಯ ಕಳೆದುಕೊಂಡು, ಸುಂಗರ ಸೆರೆಯಲ್ಲಿ 978ರಲ್ಲಿ ಸತ್ತ. ಅರಮನೆಯಲ್ಲಿ ಬೆಚ್ಚಗೆ ಕುಳಿತು ಆ ನಡುಗುವ ಮೀನುಗಾರರನ್ನು ನೋಡಿದಾಗ ಅವನಿಗೆ ಏನೆನಿಸಿತೋ!

ಈ ಸುರುಳಿಯ ಪಕ್ಕದಲ್ಲಿಟ್ಟರೆ ಲಿಯಾಂಗ್ ಕೈಯದು ಉಂಡವರ ಏಕಾಂತ, ಬಿಡುವಿದ್ದವರ ವಿಲಾಸ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. 11ನೆಯ ಶತಮಾನದ ದೊಡ್ಡ ಚಿತ್ರಕಾರ ಗುವೊ ಶಿ ಇದನ್ನು ಮುಚ್ಚಿಡಲೂ ಇಲ್ಲ. ಅವನ ಮಾತುಗಳನ್ನು ಮಗ ಗುವೊ ಸಿ ಸಂಗ್ರಹಿಸಿ ಗ್ರಂಥವಾಗಿಸಿದ್ದಾನೆ. ಅಲ್ಲಿಯ ವಾದ ಬಹು ಸರಳ: ಸಜ್ಜನನಿಗೆ ಬೆಟ್ಟ ಕಾಡುಗಳ ಮೇಲೆ ಆಸೆ; ಆದರೆ ಅರಸನ ಸೇವೆ, ಹೆತ್ತವರ ಪಾಲನೆ ಇವನ್ನು ಬಿಟ್ಟು ಹೋಗುವಂತಿಲ್ಲ. ಅಂಥವನು ಮನೆಯ ಕೋಣೆಯಲ್ಲಿ ಕುಳಿತೇ ಬೆಟ್ಟದ ಹಾದಿ ಹಿಡಿಯಲೆಂದು ಚಿತ್ರ ಹುಟ್ಟಿತು. ಸಂಸಾರಿಗಳಿಗಾಗಿ, ಕಚೇರಿಯ ನೌಕರಿಯಲ್ಲಿರುವವರಿಗಾಗಿ ಹುಟ್ಟಿದ ಕಲೆ! ಸಂನ್ಯಾಸಿಗೆ ಇದರ ಅಗತ್ಯವಿಲ್ಲ, ಅವನ ಮುಂದೆ ಬೆಟ್ಟವೇ ಇದೆ. ತಿಂಗಳ ಕೊನೆಯ ಲೆಕ್ಕ, ಮಕ್ಕಳ ಪರೀಕ್ಷೆ, ಅಳಿಯಂದಿರ ಆಗಮನ ಇವುಗಳ ನಡುವೆ ಅರ್ಧ ಗಂಟೆಯ ಏಕಾಂತಕ್ಕೆ ಹಾತೊರೆಯುವ ನಮ್ಮಂಥವರಿಗೆ ಗುವೊ ಶಿ ಬಹಳ ಹತ್ತಿರದವನೆನಿಸುತ್ತಾನೆ.

ಆದರೂ ಚೀನೀಯರ ಹಿಮದ ಏಕಾಂತವೆಲ್ಲ ವಿಲಾಸವಲ್ಲ. ಅವರ ಚಿತ್ರಕಾರರು ಮತ್ತೆ ಮತ್ತೆ ಎತ್ತಿಕೊಂಡ ಒಂದು ಕಥೆಯಿದೆ. ಕ್ರಿಸ್ತಶಕ 1ನೆಯ ಶತಮಾನದಲ್ಲಿ ಲೋಯಾಂಗ್ ನಗರದಲ್ಲಿ ಭಾರಿ ಹಿಮ ಬಿತ್ತು. ಅಧಿಕಾರಿ ಊರು ಸುತ್ತಿ ನೋಡುವಾಗ ಪ್ರತಿ ಮನೆಯವರೂ ಬಾಗಿಲ ಮುಂದಿನ ಹಿಮವನ್ನು ಗುಡಿಸಿ, ಅನ್ನ ಬೇಡಲು ಹೊರಬಿದ್ದಿದ್ದರು. ಯುವಾನ್ ಆನ್ ಎಂಬ ಬಡ ವಿದ್ವಾಂಸನ ಬಾಗಿಲಲ್ಲಿ ಮಾತ್ರ ಹೆಜ್ಜೆಯ ಗುರುತಿಲ್ಲ. ಸತ್ತಿರಬೇಕೆಂದುಕೊಂಡು ಹಿಮ ತೆಗೆಸಿ ಒಳಗೆ ಹೋದರೆ, ಅವನು ಚಳಿಗೆ ಸೆಟೆದು ಮಲಗಿದ್ದ. ಏಕೆ ಹೊರಗೆ ಬರಲಿಲ್ಲವೆಂದು ಕೇಳಿದರು. ಇಂಥ ಹಿಮದಲ್ಲಿ ಎಲ್ಲರೂ ಹಸಿದಿರುವಾಗ ಇನ್ನೊಬ್ಬರಲ್ಲಿ ಹೋಗಿ ಬೇಡುವುದು ತರವಲ್ಲ ಎಂಬುದು ಅವನ ಉತ್ತರವಾಗಿತ್ತು. ಮುಂದೆ ಅವನು ರಾಜ್ಯದ ಉನ್ನತಾಧಿಕಾರಿಯಾದ. ಬಾಗಿಲು ಮುಚ್ಚಿಕೊಂಡು ಮಲಗಿದ್ದ ಆ ಮನುಷ್ಯನ ಏಕಾಂತದಲ್ಲಿ ಊರಿನವರೆಲ್ಲ ತುಂಬಿಕೊಂಡಿದ್ದಾರೆ, ಅಲ್ಲವೆ?

ತಾಂಗ್ ಕಾಲದ ಕವಿ, ಚಿತ್ರಕಾರ ವಾಂಗ್ ವೇ ಈ ಪ್ರಸಂಗವನ್ನು ಬರೆದಿದ್ದನಂತೆ. ಆ ಚಿತ್ರ ತನ್ನ ಮನೆಯಲ್ಲಿತ್ತೆಂದು 11ನೆಯ ಶತಮಾನದ ಪಂಡಿತ ಶೆನ್ ಕುವೊ ಹೇಳಿಕೊಂಡಿದ್ದಾನೆ. ಅದರಲ್ಲಿ ಹಿಮದ ನಡುವೆ ಒಂದು ಹಸಿರು ಬಾಳೆಯ ಗಿಡ! ಹಿಮದಲ್ಲಿ ಬಾಳೆ ಬದುಕೀತೆ ಎಂದು ಚೀನಾದಲ್ಲಿ ಶತಮಾನಗಳ ಕಾಲ ಚರ್ಚೆ ನಡೆದಿದೆ. ಹಿತ್ತಿಲಲ್ಲಿ ಬಾಳೆ ಬೆಳೆಸುವ ನಮಗೆ ಆ ಸಂಶಯ ಇನ್ನೂ ಸಹಜ. ಶೆನ್ ಕುವೊನ ಸಮಾಧಾನವೆಂದರೆ, ಮನಸ್ಸಿಗೆ ಹೊಳೆದದ್ದು ಕೈಗೆ ಬಂದಿದೆ, ಇಂಥದ್ದನ್ನು ಋತುವಿನ ಲೆಕ್ಕದಿಂದ ಅಳೆಯಬಾರದು ಎಂಬುದು. ವಾಂಗ್ ವೇ ಬರೆದ ಮೂಲಚಿತ್ರ ಇಂದು ಉಳಿದಿಲ್ಲ. ಬಾಳೆಯ ವಾದ ಉಳಿದಿದೆ.

ಲಿಯಾಂಗ್ ಕೈಯ ಪಟ ಜಪಾನಿಗೆ ಹೋದ ಮೇಲೆ ಅದಕ್ಕೆ ಒಂದು ಹೊಸ ನೆರೆಹೊರೆ ದೊರೆಯಿತು. ಅದರಲ್ಲಿ ನಮ್ಮ ದೇಶದ ಪಾತ್ರವೂ ಇದೆ. ಚೀನಾದಲ್ಲಿ ಈ ಹುಚ್ಚನ ಕೃತಿಗಳು ಬಹುಪಾಲು ಕಣ್ಮರೆಯಾದವು. ಉಳಿದವುಗಳಲ್ಲಿ ಹೆಚ್ಚಿನವು ಜಪಾನಿನಲ್ಲಿಯೇ ಇವೆ. ಅಲ್ಲಿಯ ಅಧಿಪತಿಗಳಾಗಿದ್ದ ಆಶಿಕಾಗ ಶೋಗುನರು ಚೀನೀ ಚಿತ್ರಗಳ ಮಹಾ ಸಂಗ್ರಾಹಕರು. ಅವರ ಭಂಡಾರದಲ್ಲಿ ಲಿಯಾಂಗ್ ಕೈಯದೇ ಇನ್ನೊಂದು ಪಟ ಇತ್ತು: ತಪಸ್ಸನ್ನು ಬಿಟ್ಟು ಬೆಟ್ಟದಿಂದ ಇಳಿದು ಬರುತ್ತಿರುವ ಶಾಕ್ಯಮುನಿ. ಚಕ್ರವರ್ತಿಯ ಸೇವೆಯಲ್ಲಿದ್ದಾಗ ಬರೆದದ್ದೆಂದು ಅದರ ಸಹಿಯೇ ಹೇಳುತ್ತದೆ. ಶೋಗುನರು ಅದನ್ನು ನಡುವೆ ಇಟ್ಟು, ನಮ್ಮ ಇಬ್ಬರು ಸವಾರರ ಹಿಮದೃಶ್ಯವನ್ನು ಒಂದು ಬದಿಗೆ, ಇನ್ನೊಂದು ಹಿಮದೃಶ್ಯವನ್ನು ಮತ್ತೊಂದು ಬದಿಗೆ ತೂಗುಹಾಕಿ ಮೂರರ ಒಂದು ಜೋಡಣೆ ಮಾಡಿದರು. ಮೂರನೆಯದು ಅವನ ಕೈಯದಲ್ಲವೆಂದು ವಿದ್ವಾಂಸರಲ್ಲಿ ಹಲವರ ಮತ. ಇವು ಒಟ್ಟಿಗೆ ತೂಗುವುದಕ್ಕೆಂದು ಹುಟ್ಟಿದ ಚಿತ್ರಗಳೂ ಅಲ್ಲ. ಆದರೂ ಜೋಡಿಸಿದವನ ರಸಿಕತೆಗೆ ತಲೆದೂಗಲೇಬೇಕು.

ಬುದ್ಧ ಉಗ್ರ ತಪಸ್ಸು ಮಾಡಿದ್ದು ಗಯೆಯ ಸಮೀಪದ ಉರುವೇಲದಲ್ಲಿ, ನೈರಂಜನಾ ನದಿಯ ಆಸುಪಾಸಿನಲ್ಲಿ. ಬಿಹಾರದ ಆ ಬಯಲಿನಲ್ಲಿ ಹಿಮದ ಸುಳಿವೂ ಇಲ್ಲ. ಬೇಸಗೆಯಲ್ಲಿ ಬೆಂಕಿ ಸುರಿಯುತ್ತದೆ. ಚೀನಾದ ಧ್ಯಾನಪಂಥದವರು ಅವನ ತಪೋಭೂಮಿಯನ್ನು ಹಿಮಪರ್ವತವಾಗಿಸಿಕೊಂಡರು. ಬಾಳೆಯನ್ನು ಹಿಮಕ್ಕೆ ಒಯ್ದ ಹಾಗೆಯೇ ಇದೂ. ಲಿಯಾಂಗ್ ಕೈ ಬರೆದ ಶಾಕ್ಯಮುನಿಯಲ್ಲಿ ನಾವು ವಿಗ್ರಹಗಳಲ್ಲಿ ಕಾಣುವ ತುಂಬಿದ ಮುಖ, ಅರೆಗಣ್ಣಿನ ನಸುನಗೆ ಇಲ್ಲ. ಗಡ್ಡ ಬೆಳೆದಿದೆ, ಮೈ ಬಡವಾಗಿದೆ, ಕೆಂಪು ವಸ್ತ್ರ ಹೊದ್ದು ಬರಿಗಾಲಿನಲ್ಲಿ ಬಂಡೆಯ ಕೆಳಗೆ ನಿಂತಿದ್ದಾನೆ. ಅವನಿಗೆ ಬೋಧಿಯಾಗಿದೆಯೋ, ಅಥವಾ ದೇಹದಂಡನೆ ವ್ಯರ್ಥವೆಂದು ಬಗೆದು ಬರಿಗೈಯಲ್ಲಿ ಇಳಿದು ಬರುತ್ತಿದ್ದಾನೋ ಎಂಬುದು ಇಂಥ ಚಿತ್ರಗಳ ವಿಷಯದಲ್ಲಿ ಹಳೆಯ ವಿವಾದ. ಬರುತ್ತಿರುವುದು ಏಕಾಂತದಿಂದಲೋ ಒಂಟಿತನದಿಂದಲೋ? ಮುಖವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಒಂದು ನಿರ್ಧಾರಕ್ಕೆ ಬರಲು ನನ್ನಿಂದಾಗಿಲ್ಲ.

ಮೂರು ಪಟಗಳನ್ನೂ ಒಟ್ಟಿಗೆ ತೂಗಿದಾಗ, ಅವನು ಬೆಟ್ಟದಿಂದ ಇಳಿಯುತ್ತಿರುತ್ತಾನೆ. ಪಕ್ಕದ ಪಟದಲ್ಲಿ ಆ ಇಬ್ಬರು ಬೆಟ್ಟದ ಕಡೆಗೆ ನಡೆದಿರುತ್ತಾರೆ. ಹಳೆಯ ರೇಷ್ಮೆಗೆ ಬೆಳಕು ಆಗದು. ಆದ್ದರಿಂದ ವಸ್ತುಸಂಗ್ರಹಾಲಯದವರು ಇವನ್ನು ಸದಾ ತೂಗುಹಾಕುವುದಿಲ್ಲ. ಆಗೊಮ್ಮೆ ಈಗೊಮ್ಮೆ ಕೆಲವು ವಾರಗಳ ಮಟ್ಟಿಗೆ ಹೊರತೆಗೆದು, ಮತ್ತೆ ಸುತ್ತಿ ಪೆಟ್ಟಿಗೆಯಲ್ಲಿಡುತ್ತಾರೆ. ಟೋಕಿಯೋಗೆ ಹೋಗುವ ಅವಕಾಶವಿರುವ ವಾಚಕರು ಅದು ಯಾವಾಗಲೆಂದು ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.